ಹಳದಿ ಹುಡುಗಿಯ ವೇಷ

"ಇನ್ನೂ ನಾಲ್ಕು ಹನಿ ಸುರಿಸ್ಬೇಕು," ಎಂದು ಮೇಷ್ಟ್ರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಕಥಾನಾಯಕಿಯ ಕೆನ್ನೆಯ ಮೇಲೆ ಕಣ್ಣೀರು ಬರೆಯತೊಡಗಿದರು. "ಅಕ್ಷರಮ್ಮಾ, ಈ ಮಾತಿನ ಬಲೂನಿಗೆ ‘ಅಯ್ಯೋ ವಿಧಿಯೇ’ ದಪ್ಪಗೆ ಬರಿ. ಓದಿದವರ ಎದೆ ಒಡೀಬೇಕು."

"ಹಿಂದಿನ ಪುಟದಲ್ಲಿ ಎರಡು ಅಯ್ಯೋ ಆಗಿದೆ ಸಾರ್. ಇದು ಮೂರನೇದು."

"ಆಗ್ಲಿ. ನಿಂದೇನು ಗಂಟು ಹೋಗುತ್ತೆ?"

"ಗಂಟಲ್ಲ, ಜಾಗ ಹೋಗುತ್ತೆ. ಬಲೂನು ಅಂಗೈಯಗಲ ಬಿಟ್ಟು ಪುರಾಣ ಬರಿ ಅಂತೀರಿ. ಒತ್ತಕ್ಷರಕ್ಕೆ ಕಾಲು ಚಾಚೋಕಾದ್ರೂ ಜಾಗ ಬೇಡ್ವಾ?"

ಮೇಷ್ಟ್ರು ಮೂಗು ಒರೆಸಿಕೊಂಡರು. ಅಳುವ ಹೆಂಗಸಿನ ಚಿತ್ರ ಬರೆಯುವಾಗ ಅವರಿಗೂ ಕಣ್ಣು ಒದ್ದೆಯಾಗುತ್ತಿತ್ತು, ಮೂಗು ಸೋರುತ್ತಿತ್ತು. ಆಗ ಮಾತಾಡಿಸಿದರೆ ಉಗಿಯುತ್ತಿದ್ದರು.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅವರ ಕೆಲಸ. ವಾರಪತ್ರಿಕೆಯೊಂದರ ಕೊನೆಯ ನಾಲ್ಕು ಪುಟದಲ್ಲಿ ಮೂರು ವರ್ಷದಿಂದ ‘ಕಾಣೆಯಾದ ಕಂಠ’ ಎಂಬ ಚಿತ್ರಕಥೆ ಬರುತ್ತಿತ್ತು. ಬಹಳ ಹಿಂದೆ ಐದು ಹುಡುಗಿಯರ ಹಾಡು-ಕುಣಿತದ ತಂಡವೊಂದಿತ್ತು. ಒಬ್ಬೊಬ್ಬಳಿಗೆ ಒಂದೊಂದು ಬಣ್ಣ. ಜನ ಅವರನ್ನು ಕೆಂಪಿ, ನೀಲಿ, ಹಸಿರು, ಬಿಳಿ, ಹಳದಿ ಎಂದೇ ಕರೆಯುತ್ತಿದ್ದರು. ಗೋಡೆ ಗೋಡೆಯ ಮೇಲೆ ಅವರ ಚಿತ್ರ, ಸೋಪಿನ ಪೊಟ್ಟಣದ ಮೇಲೆ ಅವರ ನಗು. ಒಂದು ದಿನ ಹಳದಿ ಹುಡುಗಿ ಕಾಣೆಯಾದಳು. ತಂಡ ಒಡೆಯಿತು. ಅವಳು ಏನಾದಳು ಎಂದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಿಲ್ಲದ್ದನ್ನೇ ಮೇಷ್ಟ್ರು ವಾರವಾರ ಬರೆಯುತ್ತಿದ್ದರು. ಅವರ ಕಥೆಯಲ್ಲಿ ಅವಳು ಹೆಸರು ಬದಲಿಸಿಕೊಂಡು, ಒಂದು ವಾರ ಆಸ್ಪತ್ರೆಯಲ್ಲಿ, ಒಂದು ವಾರ ಸುಡುಗಾಡಿನ ಪಕ್ಕದ ಗುಡಿಸಿಲಿನಲ್ಲಿ, ಎಲ್ಲಿದ್ದರೂ ಅಳುತ್ತಾ ಇರುತ್ತಿದ್ದಳು.

ಆ ಹಳದಿ ಹುಡುಗಿ ಮೇಷ್ಟ್ರ ಮೇಜಿನಿಂದ ಐದಡಿ ದೂರದಲ್ಲಿ ಕಿಟಕಿ ಪಕ್ಕ ಕೂತು, ಸೋಡಾ ಗಾಜಿನ ಕನ್ನಡಕ ಹಾಕಿಕೊಂಡು, ಮೂರನೇ ‘ಅಯ್ಯೋ’ಗೆ ಶಾಯಿ ತುಂಬುತ್ತಿದ್ದಳು.

ಇದು ಅವಳ ಗಂಡನಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಗಂಡ ಅಂಗಡಿಗಳ ತಕ್ಕಡಿ ರಿಪೇರಿ ಮಾಡುವವನು, ಮಾತು ಕಡಿಮೆ. ಕುಣಿಯುತ್ತಿದ್ದ ಕಾಲದಲ್ಲಿ ಅವಳನ್ನು ದಿನಾ ಬೆಳಗ್ಗೆ ತೂಕ ಹಾಕಿ, ಮುಳ್ಳು ನೋಡಿ ಊಟ ಕೊಡುತ್ತಿದ್ದರು. ಮದುವೆಯಾದ ಮೇಲೆ, ಮನೆ ತುಂಬ ತಕ್ಕಡಿ ಇದ್ದರೂ, ಅವಳು ಒಂದರ ಮೇಲೂ ಕಾಲಿಟ್ಟಿರಲಿಲ್ಲ. ಈಗ ವಯಸ್ಸು ನಲವತ್ತೊಂದು. ಮೈ ಎರಡರಷ್ಟಾಗಿತ್ತು. ತರಕಾರಿಯವನು ಎಲ್ಲರ ಚೀಲಕ್ಕೆ ಹಾಕುವಂತೆ ಅವಳ ಚೀಲಕ್ಕೂ ಎರಡು ಕೊಳೆತ ಟೊಮೇಟೊ ಹಾಕುತ್ತಿದ್ದ. ಅವಳು ಎಲ್ಲರಂತೆ ಜಗಳ ಆಡುತ್ತಿದ್ದಳು. ಅದಕ್ಕಿಂತ ದೊಡ್ಡ ಮರ್ಯಾದೆ ಅವಳಿಗೆ ಬೇಕಿರಲಿಲ್ಲ. ಹಿಂದೆ ಅಂಗಡಿಗೆ ಹೋದರೆ ಜನ ಕೂದಲು ಕಿತ್ತು ನೆನಪಿಗೆ ಇಟ್ಟುಕೊಳ್ಳುತ್ತಿದ್ದರು.

ಮೇಷ್ಟ್ರಿಗೆ ಗುರುತು ಸಿಗದಿದ್ದುದು ಆಶ್ಚರ್ಯವಲ್ಲ. ಅವರು ಒಂಬತ್ತು ವರ್ಷದಿಂದ ಅವಳ ಕಡೆ ಸರಿಯಾಗಿ ನೋಡಿರಲೇ ಇಲ್ಲ. ನೋಡಿದ್ದು ಒಂದೇ ಸಲ, ನಾಯಕಿಯ ಕೈ ಬರೆಯಲು ಮಾದರಿ ಬೇಕಾದಾಗ. "ಸ್ವಲ್ಪ ಕೈ ಚಾಚು" ಅಂದರು. ಚಾಚಿದಳು. "ಹೂಂ, ಬೇಡ ಬಿಡು. ಇದು ರೊಟ್ಟಿ ತಟ್ಟೋ ಕೈ. ಅವಳದ್ದು ಬಳ್ಳಿ ಹಾಗೆ ಇತ್ತು," ಎಂದು ನಿಟ್ಟುಸಿರು ಬಿಟ್ಟರು.

"ಇಪ್ಪತ್ತು ವರ್ಷದಿಂದ ಆ ಬಳ್ಳೀನೇ ಹಿಡ್ಕೊಂಡು ನೇತಾಡ್ತಿದ್ದಾರೆ," ಎಂದು ಮೇಷ್ಟ್ರ ಹೆಂಡತಿ ಒಳಕೋಣೆಯಿಂದ ಕೂಗಿದ್ದರು. "ಮದುವೆಯಾದ ಮೊದಲನೇ ವಾರಾನೇ ಅವಳ ಕ್ಯಾಸೆಟ್ ಹಾಕಿ ನನಗೆ ಕೇಳ್ಸಿದ್ರು ಕಣೇ ಅಕ್ಷರಮ್ಮ. ಮುಖಕ್ಕೆ ಎಸೀಬೇಕಿತ್ತು, ಹೊಸಬಳು ಅಂತ ಸುಮ್ನಿದ್ದೆ."

ಕಥೆ ಮುಗಿಯುವ ಕಾಲ ಬಂತು. ಹಳದಿ ಹುಡುಗಿ ಯಾಕೆ ಓಡಿಹೋದಳು ಎಂಬುದನ್ನು ಈಗ ಹೇಳಲೇಬೇಕಿತ್ತು. ಮೇಷ್ಟ್ರು ಮೂರು ದಿನ ತಲೆ ಕೆರೆದುಕೊಂಡು, ಕೊನೆಗೆ ಬಿರುಗಾಳಿಯ ಸಮುದ್ರ, ಬಂಡೆಯ ಮೇಲೆ ಕೂದಲು ಕೆದರಿಕೊಂಡು ನಿಂತ ಹುಡುಗಿ, ಪಕ್ಕದಲ್ಲಿ ಒಂದು ಪೆಟ್ಟಿಗೆ, ಇಷ್ಟನ್ನು ಪುಟದ ತುಂಬ ಬರೆದರು. ಬಲೂನಿಗೆ ಬರೆಯಬೇಕಾದ ಮಾತು ಚೀಟಿಯಲ್ಲಿ ಬಂತು: ‘ಆ ನೀಚನ ಪ್ರೇಮಕ್ಕೆ ಬಲಿಯಾಗಿ, ಒಡಲಲ್ಲಿ ಕುಡಿ ಹೊತ್ತು ಬಂದೆ! ಇನ್ನು ನನಗೆ ಹಾಡೇಕೆ? ಬಾಳೇಕೆ?’

ಅಕ್ಷರಮ್ಮ ಚೀಟಿ ಓದಿದಳು. ಅವಳ ಕಿವಿ ಕೆಂಪಾಯಿತು. ಮೂರು ವರ್ಷ ತನ್ನನ್ನು ಕುಷ್ಠರೋಗಿ ಮಾಡಿದ್ದರು, ಕುರುಡಿ ಮಾಡಿದ್ದರು, ಎರಡು ಸಲ ಬಾವಿಗೆ ಹಾರಿಸಿದ್ದರು. ಎಲ್ಲವನ್ನೂ ತನ್ನ ಕೈಯಿಂದಲೇ ದುಂಡಗೆ ಬರೆದು ಅಂಟಿಸಿದ್ದಳು. ಈಗ ಬಸುರಿಯನ್ನೂ ಮಾಡಿದರು.

ಅವರ ಕೆಲಸದ ಪದ್ಧತಿ ಹೀಗಿತ್ತು. ಮೇಷ್ಟ್ರು ಚಿತ್ರ ಮುಗಿಸಿ ಬಲೂನುಗಳನ್ನು ಖಾಲಿ ಬಿಡುತ್ತಿದ್ದರು. ಅವಳು ಮಾತುಗಳನ್ನು ತೆಳು ಕಾಗದದ ಮೇಲೆ ಬರೆದು, ಕತ್ತರಿಸಿ, ಗೋಂದು ಹಚ್ಚಿ ಬಲೂನಿನೊಳಗೆ ಕೂರಿಸುತ್ತಿದ್ದಳು. ಅಷ್ಟರಲ್ಲಿ ಪ್ರೆಸ್ಸಿನವನು ಬಾಗಿಲಲ್ಲಿ ಕಾಲು ಕುಟ್ಟುತ್ತಾ ನಿಂತಿರುತ್ತಿದ್ದ. ಅಂಟಿಸಿದ ಮೇಲೆ ಪುಟ ನೇರ ಅವನ ಕೈಗೆ. ಮೇಷ್ಟ್ರು ಮತ್ತೆ ನೋಡುತ್ತಿರಲಿಲ್ಲ, ನೋಡಿದರೆ ತಿದ್ದಬೇಕೆನಿಸುತ್ತದೆ ಎಂದು ಬೆನ್ನು ತಿರುಗಿಸಿ ಚಹಾ ಕುಡಿಯುತ್ತಿದ್ದರು.

ಆ ದಿನ ಅವರು ಬೆನ್ನು ತಿರುಗಿಸಿ ಚಹಾ ಕುಡಿಯುವಾಗ ಅವಳು ಚೀಟಿಯನ್ನು ಮಡಚಿ ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟು, ಬೇರೆ ಕಾಗದದ ಮೇಲೆ ಬರೆದಳು: ‘ನನಗೆ ಹಸಿವಾಗಿತ್ತು. ರೈಲು ನಿಂತಿತ್ತು. ಇಳಿದು ಒಂದು ಬನ್ನು ತಿಂದೆ. ರೈಲು ಹೊರಟಿತು. ಓಡಿದ್ದರೆ ಸಿಗುತ್ತಿತ್ತು. ಬಾಯಲ್ಲಿ ಬನ್ನಿತ್ತು. ಇನ್ನೊಂದು ಬನ್ನು ತಗೊಂಡೆ.’

ಬಿರುಗಾಳಿ, ಸಮುದ್ರ, ಕೆದರಿದ ಕೂದಲು, ಮಧ್ಯೆ ಎರಡು ಬನ್ನು. ಅಂಟಿಸಿ ಕೊಟ್ಟುಬಿಟ್ಟಳು. ಕೊಟ್ಟು ಅರ್ಧ ಗಂಟೆಗೆ ಕೋಪ ಇಳಿಯಿತು. ಆಗ ಪುಟ ಯಂತ್ರದೊಳಗಿತ್ತು.

ಪತ್ರಿಕೆ ಬಂದ ದಿನ ಮೇಷ್ಟ್ರು ಅದನ್ನು ಸುರುಳಿ ಸುತ್ತಿ ದೊಣ್ಣೆಯಂತೆ ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಬನ್ನಾ? ಬನ್ನೇನೇ? ನಾನು ಕಡಲು ಬರೆದ್ರೆ ನೀನು ಬೇಕರಿ ತೆಗೀತೀಯ?"

"ಹಸಿದವರು ಬಂಡೆ ಮೇಲೆ ನಿಂತು ಭಾಷಣ ಮಾಡಲ್ಲ ಸಾರ್. ಏನಾದ್ರೂ ತಿಂತಾರೆ."

"ನಿನ್ನನ್ನ ಯಾರು ಕೇಳಿದ್ರು? ಇವತ್ತೇ ಚೀಲ ಎತ್ಕೊಂಡು…"

ಫೋನು ಹೊಡೆದುಕೊಂಡಿತು. ಸಂಪಾದಕರು. ಅವರ ಗಂಟಲು ಎಂಥದ್ದೆಂದರೆ ಫೋನಿಲ್ಲದಿದ್ದರೂ ಕೇಳಿಸುತ್ತಿತ್ತು. "ಏನ್ರೀ ಇದು! ಮೂರು ವರ್ಷದಲ್ಲಿ ಬರದಷ್ಟು ಫೋನು ಒಂದೇ ದಿನಕ್ಕೆ ಬಂದಿದೆ! ನನ್ನ ಹೆಂಡತಿ ಓದಿ ಅತ್ತಳು, ಆಮೇಲೆ ಹೋಗಿ ಬನ್ನು ತಿಂದಳು! ಎಲ್ಲಿಂದ ಹೊಳೀತು ನಿಮಗೆ?"

ಮೇಷ್ಟ್ರ ಕೈಯ ದೊಣ್ಣೆ ನಿಧಾನಕ್ಕೆ ಮತ್ತೆ ಪತ್ರಿಕೆಯಾಯಿತು. ಅವರು ಅಕ್ಷರಮ್ಮನ ಕಡೆ ಬೆನ್ನು ಮಾಡಿ ನಿಂತರು. "ಹೊಳೆದದ್ದಲ್ಲ ಅದು," ಅಂದರು ತಗ್ಗಿದ ದನಿಯಲ್ಲಿ. "ಅವಳೇ ಹೇಳಿದ್ದು."

"ಯಾರು?"

"ಹಳದಿ ಹುಡುಗಿ. ಸಿಕ್ಕಿದ್ದಾಳೆ ನನಗೆ."

ಸುಳ್ಳು ಹೇಳಿದವನಿಗೆ ಅದು ನಿಜವೆಂದು ಗೊತ್ತಿಲ್ಲದಿದ್ದರೆ ಅವನನ್ನು ಏನೆನ್ನಬೇಕೋ! ಕಿಟಕಿ ಪಕ್ಕ ಕೂತವಳ ಲೇಖನಿಯಿಂದ ಒಂದು ದಪ್ಪ ಹನಿ ಕಾಗದದ ಮೇಲೆ ಬಿತ್ತು.

ಸಂಪಾದಕರು ಅಲ್ಲಿಗೆ ಬಿಡುವ ಜನವಲ್ಲ. ಮುಂದಿನ ವಾರದ ಮುಖಪುಟದಲ್ಲಿ ಅವಳ ಫೋಟೋ ಹಾಕೋಣ ಅಂದರು. ನಾಳೆ ಯಾರೂ ಮೋಸ ಅನ್ನಬಾರದು, ತಂಡದ ಮುಂದಾಳಾಗಿದ್ದ ಕೆಂಪಿಯನ್ನೇ ಕಳಿಸುತ್ತೇನೆ, ಅವಳು ನೋಡಿ ಹೌದು ಅಂದರೆ ಫೋಟೋ, ಫೋಟೋ ಬಂದರೆ ಇನ್ನೆರಡು ವರ್ಷ ಕಥೆ, ಇಲ್ಲದಿದ್ದರೆ ಇಲ್ಲಿಗೇ ಬಂದ್, ಸುಳ್ಳು ಹೇಳುವವರ ಸಹವಾಸ ನನಗೆ ಬೇಡ, ಅಂದರು.

ಮೇಷ್ಟ್ರು ಫೋನಿಟ್ಟು ಕುರ್ಚಿಯಲ್ಲಿ ಕುಸಿದರು. ಹೆಂಡತಿ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ಈಗ ಎಲ್ಲಿಂದ ತರ್ತೀರಿ ಅವಳನ್ನ?"

"ಯಾರಾದ್ರೂ ಒಬ್ಬಳಿಗೆ ವೇಷ ಹಾಕ್ಸಿದ್ರೆ ಆಯ್ತು. ಇಪ್ಪತ್ತೆರಡು ವರ್ಷ ಆಗಿದೆ, ಆ ಕೆಂಪಿಗೇನು ನೆನಪಿರುತ್ತೆ? ನೀನು…"

"ಬಾಯಿ ಮುಚ್ರಿ. ಸವತಿ ವೇಷ ನಾನೇ ಹಾಕ್ಬೇಕಾ?"

ಮೇಷ್ಟ್ರ ಕಣ್ಣು ಕೋಣೆಯನ್ನೆಲ್ಲ ಸುತ್ತಿ, ಬೇರೆ ಯಾರೂ ಇಲ್ಲದ್ದರಿಂದ, ಕಿಟಕಿಯ ಕಡೆ ನಿಂತಿತು. ಎದ್ದು ಬಂದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. ಕನ್ನಡಕ ತೆಗೆಸಿದರು. ಹಾಕಿಸಿದರು.

"ಹತ್ತಿರಕ್ಕೂ ಬರಲ್ಲ," ಅಂದರು ದುಃಖದಿಂದ. "ಮೂಗು ಬೇರೆ. ಹಣೆ ಬೇರೆ. ಎಲ್ಲಿ, ಸ್ವಲ್ಪ ನಗು… ಅಯ್ಯಯ್ಯೋ, ಬೇಡ. ನಗಬೇಡ. ಆದ್ರೆ ಗತಿಯಿಲ್ಲ. ಅಕ್ಷರಮ್ಮ, ನೀನೇ ವೇಷ ಹಾಕ್ಕೊಂಡು ಕೂತ್ಕೋ."

"ನಾನು ಕೂರಲ್ಲ ಸಾರ್."

"ಕಥೆ ನಿಂತ್ರೆ ಈ ಕೋಣೆ ಬಾಗಿಲು ಹಾಕ್ತೀನಿ. ಈ ಕಾಲದಲ್ಲಿ ಕೈಯಲ್ಲಿ ಅಕ್ಷರ ಬರೆಸೋರು ಇನ್ಯಾರಿದ್ದಾರೆ ಹೇಳು? ಎಲ್ಲಿಗೆ ಹೋಗ್ತೀಯ?"

ಅದು ನಿಜ. ಕೂರದಿದ್ದರೆ ಕಿಟಕಿ ಪಕ್ಕದ ಮೇಜು ಹೋಗುತ್ತಿತ್ತು. ಕೂತರೆ, ಕೆಂಪಿ ಒಂದು ಸಲ ನೋಡಿದರೆ ಸಾಕು, ಉಳಿದದ್ದೆಲ್ಲ ಹೋಗುತ್ತಿತ್ತು. ಮೇಷ್ಟ್ರ ಕಣ್ಣು ಬೇರೆ, ಕೆಂಪಿಯ ಕಣ್ಣು ಬೇರೆ. ಏಳು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳು.

ಸಂಜೆ ಗಂಡನಿಗೆ ಹೇಳಿದಳು. ಅವನು ತಕ್ಕಡಿಯ ಸ್ಪ್ರಿಂಗು ಒರೆಸಿ ಬೆಳಕಿಗೆ ಹಿಡಿದ.

"ನೀನು ನೀನಲ್ಲ ಅಂತ ಮೇಷ್ಟ್ರೇ ಹೇಳಿದ್ದಾರಲ್ಲ," ಅಂದ. "ಅವಳೂ ಹಾಗೇ ಅನ್ನಬಹುದು."

"ಅಂದ್ಲು ಅಂತಿಟ್ಕೋ, ಆಗ ಕೆಲಸ ಹೋಗುತ್ತೆ."

"ಹೋದ್ರೆ ನನ್ನ ಜೊತೆ ತಕ್ಕಡಿ ಒರೆಸು." ಅದಕ್ಕಿಂತ ದೊಡ್ಡ ಸಮಾಧಾನ ಹೇಳಲು ಅವನಿಗೆ ಬರುತ್ತಿರಲಿಲ್ಲ.

ಹಳದಿ ಗೌನಿಗೆ ಬಟ್ಟೆ ಸಿಕ್ಕಿದ್ದು ಮೇಷ್ಟ್ರ ಮನೆಯ ಕಿಟಕಿಯಲ್ಲಿ. ಪರದೆ ಕಿತ್ತು ದರ್ಜಿಗೆ ಕೊಟ್ಟರು. ಹಳೆಯ ಫೋಟೋ ನೋಡಿ ಅವನು ಹೊಲಿದ, ಬೆನ್ನಿಗೆ ಮೇಲಿನಿಂದ ಕೆಳಗೆ ಹನ್ನೊಂದು ಹುಕ್ಕು ಹಾಕಿದ. ಮೇಷ್ಟ್ರ ಹೆಂಡತಿ ಮಂಡಿಯಿಂದ ಒತ್ತಿ ಹಿಡಿದು ಒಂದೊಂದಾಗಿ ಹುಕ್ಕು ಸಿಕ್ಕಿಸಿದರು. "ಉಸಿರು ಬಿಡ್ಬೇಡ ಕಣೇ. ಬಿಟ್ರೆ ನನ್ನ ಪರದೆ ಹೋಗುತ್ತೆ."

ಕೆಂಪಿ ಹನ್ನೊಂದು ಗಂಟೆಗೆ ಬಂದಳು. ಅವಳೀಗ ಕಾರು ಕಲಿಸುವ ಶಾಲೆ ನಡೆಸುತ್ತಿದ್ದಳು. ಕತ್ತರಿಸಿದ ನರೆಗೂದಲು, ಗಂಡಸರ ಕೈಗಡಿಯಾರ, ಜನರನ್ನು ನೋಡಿದರೆ ಬ್ರೇಕು ಸರಿಯಿದೆಯೇ ಎಂದು ನೋಡುವಂತಿತ್ತು. ಫೋಟೋದವನನ್ನು ಕೆಳಗೆ ಸೈಕಲ್ ಅಂಗಡಿಯಲ್ಲೇ ಕೂರಿಸಿ ಬಂದಿದ್ದಳು.

"ಎಲ್ಲಿ ಅವಳು?" ಅಂದಳು ಬಾಗಿಲಲ್ಲೇ. "ಮೊದಲೇ ಹೇಳ್ಬಿಡ್ತೀನಿ, ಅವಳೇ ಆಗಿದ್ರೆ ಕೆನ್ನೆಗೆ ಎರಡು ಕೊಟ್ಟು ಆಮೇಲೆ ಹೌದು ಅಂತೀನಿ. ಇಪ್ಪತ್ತೆರಡು ವರ್ಷದಿಂದ ಕೈ ಕಾಯ್ತಿದೆ."

ಅಕ್ಷರಮ್ಮ ಕೋಣೆಯ ಮಧ್ಯೆ ಪರದೆಯೊಳಗೆ ನಿಂತಿದ್ದಳು. ಉಸಿರಾಡುತ್ತಿರಲಿಲ್ಲ, ಆಡಲು ಜಾಗವೂ ಇರಲಿಲ್ಲ. ಕೆಂಪಿ ಎರಡು ಹೆಜ್ಜೆ ಬಂದು ನಿಂತಳು. ನೋಡಿದಳು. ಅವಳ ಮುಖದಲ್ಲಿ ಏನೂ ಅಲುಗಲಿಲ್ಲ, ಕೈಗಡಿಯಾರದ ಪಟ್ಟಿಯನ್ನು ಮಾತ್ರ ಒಮ್ಮೆ ಎಳೆದು ಬಿಟ್ಟಳು.

"ತಿರುಗು. ಎಡಕ್ಕೆ ಅಂದ್ರೆ ಎಡಕ್ಕೆ. ಹಿಂದಕ್ಕೆ ಬಾ. ಸಾಕು. ಹಾಡು ಬರುತ್ತಾ?"

"ಬರಲ್ಲ."

"ಹಾಡಮ್ಮಾ, ಎರಡು ಸಾಲು!" ಮೇಷ್ಟ್ರು ಕೈ ಮುಗಿದರು. "ಕಂಠಾನೇ ಸಾಕ್ಷಿ. ಲಕ್ಷ ಜನ ಹಾಡಲಿ, ಆ ಕಂಠ ನಾನು ಕಣ್ಮುಚ್ಚಿ ಗುರುತು ಹಿಡೀತೀನಿ."

ಅವಳು ತಂಡದ ಹಳೆಯ ಹಾಡಿನ ಎರಡು ಸಾಲು ಹಾಡಿದಳು. ಬೇಕೆಂದು ಕೆಡಿಸಲಿಲ್ಲ, ಅವಳಿಗೆ ಬರುವಷ್ಟೇ ಹಾಡಿದಳು. ಕೆಳಗೆ ಸೈಕಲ್ ಅಂಗಡಿಯ ಸುತ್ತಿಗೆ ನಿಂತಿತು. ಕಣ್ಣು ಮುಚ್ಚಿದ್ದ ಮೇಷ್ಟ್ರು ಹುಳಿ ಕಚ್ಚಿದವರಂತೆ ಮುಖ ಹಿಂಡಿದರು.

"ಅಲ್ಲ," ಎಂದು ತಾವೇ ತಮ್ಮ ಸುಳ್ಳಿಗೆ ಕೊಡಲಿ ಹಾಕಿಕೊಂಡರು. "ದೇವರಾಣೆ ಇದು ಹಳದಿ ಕಂಠ ಅಲ್ಲ."

"ಹಳದಿಗೆಲ್ಲಿತ್ತು ಕಂಠ?" ಕೆಂಪಿ ಗದರಿದಳು. "ಅವಳ ಮೈಕಿಗೆ ತಂತೀನೇ ಇರಲಿಲ್ಲ. ಅವಳು ಬಾಯಿ ಆಡಿಸ್ತಿದ್ಳು, ಹಾಡ್ತಿದ್ದವಳು ನಾನು. ಕ್ಯಾಸೆಟ್ಟಿನಲ್ಲಿರೋದೂ ನಾನೇ."

ಮೇಷ್ಟ್ರು ಗೋಡೆ ಹಿಡಿದುಕೊಂಡರು. ಇಪ್ಪತ್ತೆರಡು ವರ್ಷ ಒಬ್ಬಳ ಗಂಟಲಿಗೆ ಇನ್ನೊಬ್ಬಳ ಮುಖ ಬರೆದಿದ್ದರು. ಅವರ ಹೆಂಡತಿ ಮೊದಲು ಸೆರಗು ಬಾಯಿಗೆ ಒತ್ತಿಕೊಂಡರು, ತಡೆಯಲಾಗಲಿಲ್ಲ. ನಕ್ಕು ನಕ್ಕು ಅಲ್ಲೇ ನೆಲಕ್ಕೆ ಕೂತುಬಿಟ್ಟರು. "ಅಂದ್ರೆ ನನ್ನ ಸವತಿ ಈಯಮ್ಮನಾ? ಬನ್ನಿ, ಕೂತ್ಕೊಳ್ಳಿ, ಚಹಾ ಕೊಡ್ತೀನಿ!"

ಕೆಂಪಿ ಕೂರಲಿಲ್ಲ. ಮೇಷ್ಟ್ರ ಫೋನು ತಾನೇ ಎತ್ತಿ ಸಂಪಾದಕರಿಗೆ ಹಚ್ಚಿದಳು. ಮಾತಾಡುವಾಗ ಅವಳ ಕಣ್ಣು ಅಕ್ಷರಮ್ಮನ ಮೇಲೇ ಇತ್ತು.

"ನೋಡಿದೆ. ಇವಳಲ್ಲ… ಇಲ್ಲಾರೀ, ನನಗೆ ಗೊತ್ತಾಗಲ್ವಾ? ಅವಳು ಕಡ್ಡಿ, ಇವಳು ಕಂಬ. ಅವಳಿಗೆ ಸೊಕ್ಕಿತ್ತು, ಇವಳು ನಡುಗ್ತಿದ್ದಾಳೆ, ಪಾಪ… ಕೇಳಿ, ಪೂರ್ತಿ ಕೇಳಿ. ಬನ್ನಿನ ವಿಷಯ ನಿಜ. ರೈಲಿನ ಕಿಟಕಿಯಲ್ಲಿ ನಾನಿದ್ದೆ. ಕೈ ಬೀಸಿ ಬೀಸಿ ಕರೆದೆ. ಅವಳು ಅಗೀತಾ ನಿಂತಿದ್ಳು. ಅದು ನಾನು ಇವತ್ತಿನ ತನಕ ಯಾರಿಗೂ ಹೇಳಿಲ್ಲ. ಈ ಮೇಷ್ಟ್ರು ಎಲ್ಲಿಂದ ತಂದ್ರೋ, ತಂದದ್ದು ಸರಿ. ಫೋಟೋ ಗೀಟೋ ಬಿಡಿ, ಕಥೆ ಮುಂದುವರಿಸಿ. ನಾನು ಹೇಳಿದೆ ಅಂತ ಬೇಕಾದ್ರೆ ನನ್ನ ಸಹಿ ಹಾಕಿಸ್ಕೊಳ್ಳಿ. ಇಡ್ತೀನಿ, ಹನ್ನೆರಡಕ್ಕೆ ಕ್ಲಾಸಿದೆ."

ಫೋನಿಟ್ಟು ಅಕ್ಷರಮ್ಮನ ಕಡೆ ತಿರುಗಿದಳು. "ನೀನೇನಮ್ಮ, ಮಸಿ ಕೆಲಸದವಳಾ? ಬಾ, ಆ ಪರದೆ ಬಿಚ್ಚಿಸ್ತೀನಿ. ಮುಖ ನೀಲಿಗಟ್ತಿದೆ."

ಒಳಕೋಣೆಯಲ್ಲಿ ಹಳೆಯ ಪತ್ರಿಕೆಗಳ ಕಟ್ಟು, ಒಂದು ಸ್ಟೂಲು, ಒಂದು ಬಲ್ಬು. ಕೆಂಪಿ ಬಾಗಿಲು ಹಾಕಿದಳು. ಅಕ್ಷರಮ್ಮ ಕೆನ್ನೆಗೆ ಬೀಳುವುದಕ್ಕೆ ಕಾದು ಕಣ್ಣು ಮುಚ್ಚಿದಳು. ಬೀಳಲಿಲ್ಲ. ಬೆನ್ನ ಹಿಂದೆ ಕೆಳಗಿನ ಹುಕ್ಕು ಟಕ್ಕೆಂದು ಬಿಚ್ಚಿತು.

"ದಿನಾ ನನ್ನ ಹುಕ್ಕು ಹಾಕ್ತಿದ್ದವಳು ನೀನು," ಕೆಂಪಿ ಹಿಂದಿನಿಂದ ತಗ್ಗಿದ ದನಿಯಲ್ಲಿ ಹೇಳಿದಳು. ಎರಡನೆಯದು ಬಿಚ್ಚಿತು. "ಅವತ್ತು ಸಂಜೆ ವೇದಿಕೆ ಹತ್ತೋ ಹೊತ್ತಿಗೆ ನೋಡ್ತೀನಿ, ನನ್ನ ಬೆನ್ನು ಪೂರ್ತಿ ತೆರೆದಿದೆ. ಉಳಿದ ಮೂರು ಜನ ಬುಗುರಿ ಹಾಗೆ ಸುತ್ತಿದ್ರು. ನಾನು ಒಂದೂವರೆ ಗಂಟೆ ಮುಂದಕ್ಕೆ ನೋಡ್ಕೊಂಡು ಕಂಬದ ಹಾಗೆ ನಿಂತು ಹಾಡ್ದೆ. ಕೊನೆಗೆ ಏಡಿ ಹಾಗೆ ಅಡ್ಡಡ್ಡ ನಡೆದು ಒಳಗೆ ಹೋದೆ. ಮಾರನೇ ದಿನ ಪತ್ರಿಕೆಯವರು ಏನು ಬರೆದ್ರು ಗೊತ್ತಾ? ಕೆಂಪಿಯ ಗಾಂಭೀರ್ಯ."

ಅಕ್ಷರಮ್ಮನ ಭುಜ ಅಲುಗತೊಡಗಿತು. ನಗುವೋ ಅಳುವೋ ಅವಳಿಗೇ ಗೊತ್ತಾಗಲಿಲ್ಲ.

"ಅಲ್ಲಾಡ್ಬೇಡ್ವೇ. ಹುಕ್ಕು ಸಿಗ್ತಿಲ್ಲ."

"ನಾನು ಹೇಳ್ಬೇಕಿತ್ತು ನಿನಗೆ," ಅಂದಳು ಅಕ್ಷರಮ್ಮ. "ಹೇಳಿದ್ರೆ ನೀನು ಇಳಿಯೋಕೆ ಬಿಡ್ತಿರಲಿಲ್ಲ."

ಕೆಂಪಿ ಐದು, ಆರು, ಏಳು ಎಂದು ಬಿಚ್ಚುತ್ತಾ ಮೇಲಕ್ಕೆ ಬಂದಳು. ಎಂಟನೆಯದರ ಹತ್ತಿರ ಅವಳ ಬೆರಳು ನಿಂತಿತು.

"ನನಗೂ ಹಸಿವಾಗಿತ್ತು ಕಣೇ," ಅಂದಳು.

ಹೊರಗೆ ಮೇಷ್ಟ್ರು ಬಾಗಿಲು ತಟ್ಟಿದರು. ಈಗಿನ ಅವರ ದನಿ ಕೆಂಪಿಯ ಜೊತೆ ಮಾತಾಡಲು ಹೊಸದಾಗಿ ಮಾಡಿಕೊಂಡದ್ದು. "ಅಮ್ಮಾ… ಚಹಾ ಆರ್ತಿದೆ. ತಾವು ಒಂದೇ ಒಂದು ಸಾಲು ಹಾಡಿದ್ರೆ…"

"ಬ್ರೇಕು!" ಎಂದು ಕೆಂಪಿ ಒಳಗಿನಿಂದಲೇ ಕೂಗಿದಳು. ಅಷ್ಟು ದನಿಗೆ ಅಕ್ಷರಮ್ಮ ಬೆಚ್ಚಿ ಉಸಿರು ಬಿಟ್ಟಳು. ಉಳಿದ ನಾಲ್ಕೂ ಹುಕ್ಕು ಒಟ್ಟಿಗೇ ಕಿತ್ತು ಟಣಟಣ ಎಂದು ಹಾರಿ ಎಲ್ಲೋ ಬಿದ್ದವು.

"ಅಯ್ಯೋ, ಮೇಷ್ಟ್ರ ಮನೆ ಪರದೆ," ಅಂದಳು ಅಕ್ಷರಮ್ಮ.

ಇಬ್ಬರೂ ಹುಕ್ಕು ಹುಡುಕಲು ಮಂಡಿಯೂರಿದರು. ಬಲ್ಬಿನ ಬೆಳಕು ಮೂಲೆ ಮುಟ್ಟುತ್ತಿರಲಿಲ್ಲ. ಒಬ್ಬಳು ಬಾಗಿಲ ಕಡೆಯಿಂದ, ಇನ್ನೊಬ್ಬಳು ಪತ್ರಿಕೆಗಳ ಕಟ್ಟಿನ ಕಡೆಯಿಂದ, ಅಂಗೈಯಿಂದ ನೆಲ ಸವರುತ್ತಾ, ಮಾತಿಲ್ಲದೆ, ನಿಧಾನಕ್ಕೆ ಎದುರುಬದುರು ಬರತೊಡಗಿದರು.